ದೇಸಾಯರ ಬೆನ್ನು

ಏಪ್ರಿಲ್ ೪, ಶುಕ್ರವಾರ. ಭೋಜ.

ಅಂಕಲಿಯಲ್ಲಿ ಎಷ್ಟೋ ಜನರಿಗೆ ಮುಖವಿದೆ. ಒಬ್ಬರ ಮುಖಕ್ಕೂ ಬೆಂಗಳೂರಿನಿಂದ ಕಾರು ಬಂದದ್ದಿಲ್ಲ. ಈ ಧರೆಪ್ಪನ ಬೆನ್ನಿಗೆ ಬಂತು.

ಯುಗಾದಿಯ ಮರುದಿನ ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿದ್ದೆ. ಹಿಂದಿನಿಂದ ಒಂದು ಹುಡುಗಿ "ಸರ್, ನೀವು ಯಾವಾಗ ಬಂದ್ರಿ?" ಎಂದು ಓಡಿ ಬಂದಳು. ತಿರುಗಿದೆ. ಅವಳ ಮುಖ ಸುಟ್ಟ ಬದನೆಕಾಯಿ ಆಯಿತು. ಸಿನಿಮಾದ ಹೀರೋ ಮಿತ್ರರಾಜ ನಾನೇ ಎಂದುಕೊಂಡಿದ್ದಳಂತೆ. ಈ ಹುಡುಗಿ ತೃಪ್ತಿ, ನಿಪ್ಪಾಣಿಯ ಜೈನರ ಮನೆಯ ಮಗಳು. ಒಂದು ಶಾಟಿನಿಂದ ಇನ್ನೊಂದಕ್ಕೆ ಗುಂಡಿ, ಪೇಟ, ಮೀಸೆ ಬದಲಾಗದಂತೆ ಬರೆದಿಟ್ಟುಕೊಳ್ಳುವುದು ಅವಳ ಕೆಲಸ. ಆಮೇಲೆ ಅವಳ ನಿರ್ದೇಶಕರು ಬಂದು ನನ್ನನ್ನು ಗೂಳಿ ನೋಡಿದ ಹಾಗೆ ಹಿಂದಿನಿಂದ ಸುತ್ತಿ ನೋಡಿದರು.

"ಕುದುರೆ ಸವಾರಿ ಬರುತ್ತಾ?"

"ಕುದುರಿ ನನ್ನ ಕಡೆ ಕಲ್ತ ಹೋಗ್ಯಾವ್ರಿ."

"ಎಷ್ಟು ದಿನ ಬಿಡುವಿದೆ?"

"ಮಳಿ ಬೀಳೂತನಾ ಖಾಲಿ ಅದೀನ್ರಿ. ನನಗ ಕಾಯೋರ ಯಾರದಾರ?"

ಸಕ್ಕುಬಾಯಿ ದಂಡೆಯ ಮೇಲೆ ಸೀರೆ ಹಿಂಡುತ್ತಿದ್ದಳು. "ಹೌದ್ರಿ, ಯಾರೂ ಇಲ್ಲ. ನಾ ಇಲ್ಲೇ ದಾರಿ ಹೋಕಿ," ಎಂದಳು. ಹೆಂಡತಿಯ ಮಾತನ್ನು ಸಿನಿಮಾದವರು ಬರೆದುಕೊಳ್ಳಲಿಲ್ಲ. ನನ್ನದನ್ನು ಬರೆದುಕೊಂಡರು.

ಕಾಗದದಲ್ಲಿ ಇಷ್ಟಿತ್ತು: ಕೆಲಸ, ಹೀರೋನ ಡೂಪ್. ಮೇ ಐದರ ತನಕ ಮೀಸೆ ಮುಟ್ಟಬಾರದು. ಬಿಸಿಲಿಗೆ ಕಪ್ಪಾಗಬಾರದು. ತೂಕ ಏರಬಾರದು, ಇಳಿಯಬಾರದು. ಶೂಟಿಂಗ್ ನಡೆಯುವ ಭೋಜದ ಹಳೆಯ ವಾಡೆಯಲ್ಲೇ ಇರಬೇಕು. ಫೋಟೋ ಹೊರಗೆ ಹೋಗಬಾರದೆಂದು ಫೋನು ಅವರ ಪೆಟ್ಟಿಗೆಯಲ್ಲಿ. ಏಳನೇ ಇಯತ್ತೆ ಓದಿದವನು ನಾನು, ಸಹಿ ಬಲು ಚಂದ ಬರುತ್ತದೆ. ಮೊದಲು ಸಹಿ ಮಾಡಿದೆ, ಆಮೇಲೆ ಓದಿದೆ.

ಊರಲ್ಲಿ ಮಾತ್ರ ಹೀರೋನ ಅಣ್ಣನ ಪಾತ್ರ ಎಂದು ಹೇಳಿದ್ದೇನೆ. ತಂಗಿ ಅಕ್ಕುತಾಯಿಯ ಮಗಳು ರೂಪಾಲಿಯ ಲಗ್ನ ಮೇ ಹದಿನೆಂಟಕ್ಕೆ, ರಾಯಬಾಗದಲ್ಲಿ. "ಹೀರೋನ ಕೈ ಹಿಡ್ಕೊಂಡ ಬರ್ತೇನಿ, ಮಂಟಪದಾಗ ನಿಲ್ಲಸ್ತೇನಿ," ಎಂದು ಬೀಗರಿಗೂ ಮಾತು ಕೊಟ್ಟಿದ್ದೇನೆ. ಬರದೆ ಎಲ್ಲಿ ಹೋಗುತ್ತಾನೆ?

ಫೋನಿಲ್ಲದ ಕೈಗೆ ಕೆಲಸ ಬೇಕೆಂದು ತೃಪ್ತಿಯ ಹತ್ತಿರ ಈ ವಹಿ ಇಸಿದುಕೊಂಡೆ. ಅವಳು ಸಿನಿಮಾದ ದೇಸಾಯರ ಗುಂಡಿ ಬರೆಯಲಿ, ನಾನು ನನ್ನದು ಬರೆಯುತ್ತೇನೆ.

ಏಪ್ರಿಲ್ ೭, ಸೋಮವಾರ

ಡೂಪ್ ಎಂದರೇನೆಂದು ಇವತ್ತು ತಿಳಿಯಿತು.

ನೆಲಕ್ಕೆ ಟೇಪು ಅಂಟಿಸಿರುತ್ತಾರೆ. ಎರಡೂ ಹೆಬ್ಬೆರಳು ಅದಕ್ಕೆ ತಾಗುವಂತೆ ನಾನು ನಿಲ್ಲಬೇಕು. ಲೈಟಿನವರು ನನ್ನ ಮೇಲೆ ಬೆಳಕು ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಒಂದು ತಾಸು ಹೋಗುತ್ತದೆ. ಎಲ್ಲ ಸರಿಯಾದ ಮೇಲೆ "ಸರ್ ಬರ್ತಿದ್ದಾರೆ" ಎಂಬ ಕೂಗು. ನಾನು ಸರಿಯಬೇಕು. ಮಿತ್ರರಾಜ ಸರ್ ಬಂದು, ನಾನು ಕಾವು ಕೊಟ್ಟು ಇಟ್ಟ ಜಾಗದಲ್ಲಿ ನಿಂತು, ಒಂದು ಮಾತು ಹೇಳಿ ಹೋಗುತ್ತಾರೆ. ಕೋಳಿಯ ಕೆಲಸ ನನ್ನದು, ಮರಿಯ ಹೆಸರು ಅವರದು.

ಎರಡನೆಯ ಕೆಲಸ ಹಿಂದಿನಿಂದ, ದೂರದಿಂದ ತೆಗೆಯುವುದು. ಸಿನಿಮಾದಲ್ಲಿ ಮಿತ್ರರಾಜ ಸರ್ ಒಬ್ಬ ಮುದಿ ದೇಸಾಯಿ. ದೇಸಾಯಿ ಕುದುರೆ ಹತ್ತಿ ಹೋಗುವುದು ಇವತ್ತು ಆಯಿತು. ಕುದುರೆ ಮೂರು ಸುತ್ತು ಹಾಕಿತು, ನಾನು ಒಂದೂವರೆ. ಉಳಿದ ಒಂದೂವರೆಯನ್ನು ಅದೊಂದೇ ಹಾಕಿತು, ನಾನು ನೆಲದ ಮೇಲಿದ್ದೆ.

ಒಂದು ತಕರಾರು ನನ್ನ ಗಂಟಲದು. ತಂಬಾಕಿನ ಗಂಟಲು, ಗಳಿಗೆಗೊಮ್ಮೆ ಖ್ಖೆಂ ಎನ್ನುತ್ತದೆ. ಅಂಕಲಿಯಲ್ಲಿ ಓಣಿಯ ಆ ತುದಿಗೆ ಖ್ಖೆಂ ಎಂದರೆ ಈ ತುದಿಯಲ್ಲಿ ಸಕ್ಕುಬಾಯಿ ಒಲೆಯ ಮೇಲೆ ಚಹಾ ಇಡುತ್ತಾಳೆ. ಇಲ್ಲಿ ತೃಪ್ತಿ ಕಣ್ಣು ಕೆಂಪಗೆ ಮಾಡಿ, "ಕಾಕಾ, ದೇಸಾಯರು ಕೆಮ್ಮಂಗಿಲ್ರಿ," ಎನ್ನುತ್ತಾಳೆ.

ಮಧ್ಯಾಹ್ನ ಬಾಗಿಲಿಗೆ ಬೆನ್ನು ಮಾಡಿ ಸರ್ ಖುರ್ಚಿಯಲ್ಲಿ ಕುಳಿತೆ. ಅಡುಗೆಯವರು ಸರ್ ಎಂದು ತಿಳಿದು ತಾಟು ತಂದಿಟ್ಟರು. ನಾನು ಗತ್ತಿನಿಂದ ಕೈ ಆಡಿಸಿ ಕಳಿಸಿದೆ. ತೆರೆದು ನೋಡಿದರೆ ಉಪ್ಪಿಲ್ಲದ ಸೌತೆಕಾಯಿ, ಕುದಿಸಿದ ಹಸಿರು ಸೊಪ್ಪು. ಪಾಪ, ನಮ್ಮ ಎಮ್ಮೆ ಇದಕ್ಕಿಂತ ಸುಖವಾಗಿದೆ.

ಏಪ್ರಿಲ್ ೧೧, ಶುಕ್ರವಾರ

ಸರ್ ನನ್ನ ಜೊತೆ ಮಾತಾಡಿದರು. ನನ್ನನ್ನು ಹಿಂದಿನಿಂದ ಬಹಳ ಹೊತ್ತು ನೋಡಿ, "ನನ್ನ ಸೊಂಟ ಇಷ್ಟು ದಪ್ಪ ಇದೆಯೇನ್ರಿ?" ಎಂದು ತೃಪ್ತಿಯನ್ನು ಕೇಳಿದರು. ಅಂದರೆ ಮಾತಾಡಿದ್ದು ಅವಳ ಜೊತೆ, ವಿಷಯ ನನ್ನದು.

ಅವರ ಎಡ ಮೊಣಕಾಲು ನೋಯುತ್ತದೆ. ದೇಸಾಯರೂ ಎಡಗಾಲು ಎಳೆದು ನಡೆಯುತ್ತಾರೆ ಎಂದು ಕಥೆಯಲ್ಲೇ ಸೇರಿಸಿಬಿಟ್ಟಿದ್ದಾರೆ. ನನಗೆ ವಾಡೆಯ ಪಡಸಾಲೆಯಲ್ಲಿ ಇಡೀ ದಿನ ನಡೆಸಿ ಕಲಿಸಿದರು. ಹತ್ತು ಹೆಜ್ಜೆಗೆ ನಾನು ಗುರುವನ್ನು ಮೀರಿಸಿದೆ. ಸರ್ ಕುಂಟಿದರೆ ನೋವು ಕಾಣುತ್ತದೆ, ನಾನು ಕುಂಟಿದರೆ ದೇಸಗತಿಯ ಗತ್ತು ಕಾಣುತ್ತದೆ.

ಏಪ್ರಿಲ್ ೧೫, ಮಂಗಳವಾರ

ಸುದ್ದಿ ದೊಡ್ಡದು! ಸರ್ ಮೊಣಕಾಲು ಬಾತು ಬೆಂಗಳೂರಿಗೆ ಹೋದರು, ಆಪರೇಷನ್ ಅಂತೆ. ಇನ್ನು ತಿರುಗಿ ಬರುವುದಿಲ್ಲ. ಉಳಿದ ಸಿನಿಮಾ ಎಲ್ಲ ನನ್ನ ಮೇಲೆ. ಬೆನ್ನು ಇಲ್ಲಿ ತೆಗೆದು, ಎಲ್ಲಿ ಮುಖ ಬೇಕೋ ಅಲ್ಲಿ ಕಂಪ್ಯೂಟರಿನಲ್ಲಿ ಅವರ ಮುಖ ಕೂಡಿಸುತ್ತಾರಂತೆ.

ಅಂದರೆ ಇವತ್ತಿನಿಂದ ಹೀರೋ ಯಾರು? ಓದುವವರು ಹೇಳಬೇಕು. ಓದುವವರು ಯಾರೂ ಇಲ್ಲ, ಆದ್ದರಿಂದ ನಾನೇ ಹೇಳುತ್ತೇನೆ: ಧರೆಪ್ಪ.

ಸರ್ ಹೋದದ್ದು ಹೊರಗೆ ಗೊತ್ತಾಗಬಾರದು. ಹಾಗಾಗಿ ವಾಡೆಯ ದೊಡ್ಡ ಬಾಗಿಲು ಹಾಕಿಸಿದ್ದಾರೆ. ಜನ ಬಾಗಿಲಿಗೆ ಬಂದು ಕೂಗಿದರೆ ನಾನು ಮಹಡಿಯ ಕಿಟಕಿಯಲ್ಲಿ ಬೆನ್ನು ತೋರಿಸಿ ಕೈ ಎತ್ತಬೇಕು. ಎತ್ತಿದೆ. ಕೆಳಗೆ ಶಿಳ್ಳೆಯೋ ಶಿಳ್ಳೆ. ಜನ್ಮದಲ್ಲಿ ನನಗೆ ಯಾರೂ ಶಿಳ್ಳೆ ಹೊಡೆದಿರಲಿಲ್ಲ. ತಿರುಗಿ ಅವರ ಮುಖ ನೋಡಬೇಕೆನಿಸಿತು. "ತಿರುಗಬ್ಯಾಡ್ರಿ ಕಾಕಾ!" ಎಂದು ತೃಪ್ತಿ ಜುಬ್ಬಾ ಹಿಡಿದು ಜಗ್ಗಿದಳು.

ಏಪ್ರಿಲ್ ೧೮, ಶುಕ್ರವಾರ

ತೃಪ್ತಿಯ ಫೋನಿಗೆ ಸಕ್ಕುಬಾಯಿ ಮಾಡಿದ್ದಳು. ಬೀಗರ ಅಜ್ಜಿಗೆ ಮೈಯಲ್ಲಿ ಆರಾಮಿಲ್ಲ. ಕಣ್ಣಿರುವಾಗಲೇ ಅಕ್ಷತೆ ನೋಡಲಿ ಎಂದು ಲಗ್ನ ಮುಂದೆ ತಂದಿದ್ದಾರೆ. ಇದೇ ಮೂವತ್ತು, ಬಸವ ಜಯಂತಿಯ ದಿವಸ. ಮುಹೂರ್ತ ಹನ್ನೆರಡು ಮೂವತ್ತೈದು.

"ಬರ್ತೀರಲ್ಲ?" ಎಂದಳು.

"ಏನ ಕೇಳ್ತಿ? ನಾ ಇಲ್ದ ಲಗ್ನ ಆಗ್ತೈತೇನ?" ಎಂದೆ.

ಫೋನು ಇಟ್ಟ ಮೇಲೆ ತೃಪ್ತಿಗೆ ಹೇಳಿದೆ. ಅವಳು ತನ್ನ ವಹಿ ತೆರೆದು ಮೂವತ್ತರ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ದೇಸಾಯರ ಅಂತ್ಯಯಾತ್ರೆ. ಮುನ್ನೂರು ಜನ. ಎತ್ತರದಿಂದ ತೆಗೆಯುವ ಕ್ರೇನು ಕೊಲ್ಹಾಪುರದಿಂದ ಅದೊಂದು ದಿನಕ್ಕೆ ಬರುತ್ತದೆ. ಹೆಣ: ಡೂಪ್.

ಮಿತ್ರರಾಜ ಸರ್ ಇದ್ದಿದ್ದರೂ ಹೆಣವಾಗುತ್ತಿರಲಿಲ್ಲವಂತೆ. ಜಾತಕಕ್ಕೆ ಆಗಿಬರುವುದಿಲ್ಲ ಎಂದು ಮೊದಲೇ ಬರೆಸಿದ್ದಾರೆ. ಅವರು ಸಹಿಗೆ ಮೊದಲು ಓದುವ ಪೈಕಿ.

ಏಪ್ರಿಲ್ ೧೯, ಶನಿವಾರ

ನಮ್ಮ ಕಡೆ ಅಕ್ಷತೆ ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಕಠಾರಿ. ಮಾಡುವುದೇನೂ ಇಲ್ಲ, ನಿಲ್ಲುವುದಷ್ಟೇ. ಎಲ್ಲ ಮುಗಿಯುವ ತನಕ ಕದಲಬಾರದು. ಹುಡುಗಿಯೂ ಹಿಂದೆ ತಿರುಗಬಾರದು. ಅಷ್ಟು ಜನರ ನಡುವೆ ಬೆನ್ನಿಗೆ ತವರು ಇದೆ ಎಂದು ಅವಳಿಗೆ ಗೊತ್ತಿರಬೇಕು, ಅದಕ್ಕೆ.

ರೂಪಾಲಿಯ ಅಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ. ಅಕ್ಕುತಾಯಿ ಅಂಕಲಿಗೆ ಬಂದು ನಮ್ಮ ಮನೆಯ ಪಕ್ಕದಲ್ಲೇ ಉಳಿದಳು. ರೂಪಾಲಿಗೆ ಕತ್ತಲೆಯ ಓಣಿಯೆಂದರೆ ಅಂಜಿಕೆ. "ಮಾಮಾ, ನೀ ಹಿಂದ ಬಾ," ಎನ್ನುತ್ತಿದ್ದಳು. ಮುಂದೆ ನಡೆದು ದಾರಿ ತೋರಿಸುತ್ತೇನೆಂದರೆ ಬೇಡ, ಹಿಂದೆಯೇ ಬೇಕು. ನಾನು ಹಿಂದೆ ಖ್ಖೆಂ ಎನ್ನುತ್ತ ಹೋದರೆ ಅವಳು ಮುಂದೆ ಕುಣಿಯುತ್ತ ಹೋಗುತ್ತಿದ್ದಳು. ಒಮ್ಮೆ ಚೇಷ್ಟೆಗೆ ಸುಮ್ಮನಾಗಿ ಗೋಡೆಗೆ ಅವಿತೆ. ನಾಲ್ಕು ಹೆಜ್ಜೆ ನಡೆದು ನಿಂತಳು. ತಿರುಗಲಿಲ್ಲ. ಓಡಲಿಲ್ಲ. ಎರಡೂ ಭುಜ ಕಿವಿಗೆ ಏರಿಸಿ ಕಂಬದ ಹಾಗೆ ನಿಂತುಬಿಟ್ಟಳು. ಖ್ಖೆಂ ಎಂದೆ. ಭುಜ ಇಳಿದವು. ಆಮೇಲೆ ಆ ಚೇಷ್ಟೆ ಮತ್ತೆ ಮಾಡಲಿಲ್ಲ.

ಇದೆಲ್ಲ ಯಾಕೆ ಬರೆದೆ? ಒಂದು ದಿನದ ರಜೆ ಕೇಳಿದರೆ ಆಯಿತು. ಕೊಡದೆ ಏನು ಮಾಡುತ್ತಾರೆ?

ಏಪ್ರಿಲ್ ೨೨, ಮಂಗಳವಾರ

ಸಕ್ಕುಬಾಯಿ ಬಂದಿದ್ದಳು. ಒಳಗೆ ಬಿಡಲಿಲ್ಲ. ಬಾಗಿಲಿನ ಸಣ್ಣ ಕಿಂಡಿಯಲ್ಲಿ ಬುತ್ತಿ ಒಳಗೆ ಬಂತು, ಕೈ ಬಂತು, ಆಮೇಲೆ ಅರ್ಧ ಮುಖ. ಸಜ್ಜೆ ರೊಟ್ಟಿ, ಕೆಂಪು ಖಾರ. ತೂಕ ಏರುತ್ತದೆಂದು ತೃಪ್ತಿ ಒಂದೇ ರೊಟ್ಟಿ ಬಿಟ್ಟಳು.

"ಕಾಲಿಗೇನಾಗೈತ್ರಿ?" ಎಂದಳು ಸಕ್ಕುಬಾಯಿ.

"ಏನಾಗೈತಿ? ಏನೂ ಇಲ್ಲ."

"ಮತ್ತ ಹಿಂಗ್ಯಾಕ ಎಳಕೋತ ಬಂದ್ರಿ?"

ಹೆಂಗಸರಿಗೆ ಇಲ್ಲದ್ದು ಕಾಣುತ್ತದೆ. ನಾನು ಎಂದಿನ ಹಾಗೇ ನಡೆದಿದ್ದೆ.

ಅಲ್ಲಿ ಅಕ್ಕುತಾಯಿ ಲಗಮಪ್ಪನನ್ನು ಕೇಳಿದ್ದಾಳಂತೆ, ನಾನು ಬರದಿದ್ದರೆ ಅವನು ನಿಲ್ಲಲಿ ಎಂದು. ಲಗಮಪ್ಪ ನನ್ನ ಚಿಕ್ಕಪ್ಪನ ಮಗ. ಬದುವಿನ ಜಗಳದಿಂದ ಆರು ವರ್ಷ ನನ್ನ ಜೊತೆ ಮಾತಿಲ್ಲ. ಅವನು? ರೂಪಾಲಿಯ ಬೆನ್ನಿಗೆ?

"ಬರ್ತೇನಿ ಅಂತ ಹೇಳ ಅವರಿಗೆ," ಎಂದೆ.

"ನಾ ಹೇಳೂದ ಬ್ಯಾಡ. ನೀವ ಬರ್ರಿ. ಬೀಗರು ಬ್ಯಾರೆ ಹೀರೋ ಬರ್ತಾನಂತ ಮಂಗಲ ಕಾರ್ಯಾಲಯದ ಬಾಗಲಕ್ಕ ಅವನ ಫೋಟೋ ಹಚ್ಯಾರ. ರೂಪಾಲಿ ಅಂದ್ಲು, 'ಹೀರೋ ಬರ್ಲಿ ಬಿಡ್ಲಿ, ಮಾಮಾ ಬಂದ್ರ ಸಾಕು.'"

ಕಿಂಡಿ ಮುಚ್ಚಿದರು.

ಏಪ್ರಿಲ್ ೨೪, ಗುರುವಾರ

ಬೆನ್ನು ತೋರಿಸಿದೆ. ಉಂಡೆ.

ಏಪ್ರಿಲ್ ೨೫, ಶುಕ್ರವಾರ

ಅದೇ.

ಏಪ್ರಿಲ್ ೨೭, ಭಾನುವಾರ

ನಿರ್ದೇಶಕರ ಮುಂದೆ ಕೈಕಟ್ಟಿ ನಿಂತು ಕೇಳಿದೆ. ಕೆಟ್ಟವರಲ್ಲ. ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು.

"ಧರೆಪ್ಪೋರೆ, ಮುನ್ನೂರು ಜನ, ಕ್ರೇನು, ಎಲ್ಲ ಆ ಒಂದು ದಿನಕ್ಕೆ. ನಿಮ್ಮ ಬದಲು ಇನ್ಯಾರನ್ನ ಕೂರಿಸಲಿ? ನೀವೇ ಹೇಳಿ. ನಿಮ್ಮಂಥ ಬೆನ್ನು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ."

ಅದನ್ನು ಅವರಿಗೆ ಹೇಳಿಕೊಟ್ಟವನು ನಾನೇ. ಮೊದಲ ವಾರ ಅಡುಗೆಯವರಿಂದ ಹಿಡಿದು ಲೈಟಿನವರ ತನಕ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗಿದ್ದೆ.

ಹೀರೋಗೆ ಡೂಪ್ ಇದೆ. ಸೋದರಮಾವನಿಗೂ ಡೂಪ್ ಸಿಕ್ಕಿದ್ದಾನೆ. ಡೂಪ್‌ಗೆ ಮಾತ್ರ ಇಲ್ಲ.

ಏಪ್ರಿಲ್ ೨೮, ಸೋಮವಾರ

ಬೆಳಿಗ್ಗೆ ಮೇಕಪ್ಪಿನವರ ಪೆಟ್ಟಿಗೆಯಿಂದ ಕ್ಷೌರದ ಕತ್ತಿ ಎಗರಿಸಿ ಬಚ್ಚಲಿಗೆ ಹೋದೆ. ಯುಕ್ತಿ ಸರಳ. ಮೀಸೆ ಹೋದರೆ ದೇಸಾಯಿ ಹೋದ. ದೇಸಾಯಿ ಹೋದರೆ ನನ್ನನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಬೈದು ಹೊರಗೆ ಹಾಕುತ್ತಾರೆ. ಹೊರಗೆ ಹಾಕಿಸಿಕೊಳ್ಳುವುದೇ ಬೇಕಾಗಿರುವುದು.

ಕನ್ನಡಿ ನೋಡಿ ಬಲಗಡೆಗೆ ಕತ್ತಿ ಇಟ್ಟೆ. ಆಗ ಹೊಳೆಯಿತು. ನಮ್ಮಲ್ಲಿ ಗಂಡಸು ಮೀಸೆ ಬೋಳಿಸುವುದು ಅಪ್ಪನೋ ಅವ್ವನೋ ಸತ್ತಾಗ. ಬೋಳು ಮೀಸೆಯ ಸೂತಕದ ಮುಖ ಹೊತ್ತು ಅಕ್ಷತೆಗೆ ನಿಲ್ಲುತ್ತೇನೆಯೇ? ಬೀಗರ ಅಜ್ಜಿ ಬಾಗಿಲಲ್ಲೇ ತಡೆಯುತ್ತಾಳೆ, ತಡೆಯುವುದು ಸರಿಯೂ ಹೌದು.

ಮೀಸೆ ಇದ್ದರೆ ಇಲ್ಲಿಂದ ಬಿಡುವುದಿಲ್ಲ. ಮೀಸೆ ಇಲ್ಲದಿದ್ದರೆ ಅಲ್ಲಿ ಸೇರಿಸುವುದಿಲ್ಲ.

ಕನ್ನಡಿಯಲ್ಲಿ ನೋಡುತ್ತ ಬಹಳ ಹೊತ್ತು ನಿಂತಿದ್ದೆ. ನನ್ನ ಮುಖ ನೋಡಿ ದಿನಗಳಾಗಿದ್ದವು. ಕತ್ತಿ ಒರೆಸಿ ಪೆಟ್ಟಿಗೆಯಲ್ಲೇ ಇಟ್ಟೆ.

ಏಪ್ರಿಲ್ ೨೯, ಮಂಗಳವಾರ

ಅಂತ್ಯಯಾತ್ರೆಯ ತಾಲೀಮು. ದೇಸಾಯಿ ನಮ್ಮ ಲಿಂಗಾಯತ ಪೈಕಿ, ಹಾಗಾಗಿ ಹೆಣವನ್ನು ಕೂರಿಸಿ ಒಯ್ಯಬೇಕು. ಬಿದಿರು ಕಟ್ಟಿ ವಿಮಾನ ಮಾಡಿದ್ದಾರೆ. ನೋಡಲು ಪಲ್ಲಕ್ಕಿಯ ಹಾಗೆ ಇದೆ. ಕಟ್ಟಿದವರೂ ಹೊರುವವರೂ ಭೋಜದ ಹಿರಿಯರೇ. ಅವರಲ್ಲಿ ಮುಖ್ಯಸ್ಥ ಬಾಳಾಸಾಬ. ಎತ್ತಿ ತೋರಿಸಿ ಎಂದು ನಿರ್ದೇಶಕರು ಕೇಳಿದರೆ ಅವನು, "ಎತ್ತೂದ ನಾಳಿಗೇರಿ. ಒಂದ ಸಲ," ಎಂದ. ನಿರ್ದೇಶಕರು ತಲೆಯಾಡಿಸಿದರು.

ಹಾಡಿ ಅಳಲು ಊರಿನ ದುಂಡವ್ವನನ್ನು ಕರೆಸಿದ್ದಾರೆ. ಎಂಬತ್ತರ ಮುದುಕಿ. ಸುತ್ತಲಿನ ಹತ್ತು ಹಳ್ಳಿಯ ಸಾವಿಗೆ ಅವಳೇ ಹಾಡಬೇಕು. ಅವಳು ತೃಪ್ತಿಯನ್ನು ಕೇಳಿದಳು, "ಸತ್ತಾಂವ ಯಾರವಾ?"

"ದೇಸಾಯರು, ಅಜ್ಜಿ."

"ಯಾವ ದೇಸಾಯಿ? ಯಾವೂರು? ಹೆಸರೇನು?"

"ಸುಮ್ನ ದೇಸಾಯರು. ಕಥಿಯಾಗಿನವರು."

"ಇಲ್ಲದ ಮನಷ್ಯಾಗ ಹೆಂಗ ಅಳಲೇ ಹುಚ್ಚಿ? ಹೆಸರ ಹಿಡೀದ ಅಳು ಬರೂದಿಲ್ಲ."

ಆಮೇಲೆ ತಾನೇ ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತು, ನನ್ನ ಹೆಸರೇನು, ಯಾವ ಊರು, ಹಿಂದೆ ಮುಂದೆ ಯಾರಿದ್ದಾರೆ ಎಂದು ಒಂದೊಂದೇ ಕೇಳಿದಳು. ಎಲ್ಲ ಹೇಳಿಬಿಟ್ಟೆ. ರೂಪಾಲಿಯದೂ ಹೇಳಿದೆ. ಒಂದಕ್ಕೂ ಉಪ್ಪು ಖಾರ ಹಚ್ಚಲಿಲ್ಲ. ಯಾಕೋ, ನೆನಪೇ ಆಗಲಿಲ್ಲ.

ಏಪ್ರಿಲ್ ೩೦, ಬುಧವಾರ. ಬೆಳಿಗ್ಗೆ.

ಹಣೆಗೆ, ತೋಳಿಗೆ ವಿಭೂತಿ ಬಳಿದು ಒಣಗಲು ಕೂರಿಸಿದ್ದಾರೆ. ಬೆರಳು ಆಡಿಸಬಾರದು. ಎಡಗೈ ಒಣಗಿದೆ ಎಂದು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕಾಲು.

ತೃಪ್ತಿಯ ಮನೆಯಲ್ಲಿ ಇವತ್ತು ಹಬ್ಬ, ಬಸದಿಯಲ್ಲಿ ಕಬ್ಬಿನ ಹಾಲು ಹಂಚುತ್ತಾರೆ. ಅರ್ಧ ತಾಸಿನ ಹಾದಿ. ಅವಳೂ ಹೋಗಿಲ್ಲ.

ರೂಪಾಲಿಗೆ ಈಗ ಅರಿಷಿಣದ ನೀರು ಹಾಕುತ್ತಿರುತ್ತಾರೆ.

ಮೇ ೧, ಗುರುವಾರ. ಅಂಕಲಿ, ನಮ್ಮ ಮನೆ.

ನಿನ್ನೆಯದನ್ನು ಸಾವಕಾಶವಾಗಿ ಬರೆಯುತ್ತೇನೆ.

ಒಂಬತ್ತೂವರೆಗೆ ನನ್ನನ್ನು ವಾಡೆಯ ಬಾಗಿಲಲ್ಲಿ ವಿಮಾನದ ಮೇಲೆ ಕೂರಿಸಿ, ಜಾರದಂತೆ ಎದೆಗೆ ಬಟ್ಟೆ ಕಟ್ಟಿದರು. ಕುತ್ತಿಗೆಗೆ ಚೆಂಡು ಹೂವಿನ ಹಾರ. ಕ್ಯಾಮೆರಾ ಹಿಂದೆ, ಮೇಲೆ. ಕಣ್ಣು ಮುಚ್ಚಿದೆ. "ಆಕ್ಷನ್" ಎಂದರು. ನಾಲ್ವರು ಎತ್ತಿದರು. ಹಲಗೆಯವರು ಬಾರಿಸಿದರು. ದುಂಡವ್ವ ಶುರು ಮಾಡಿದಳು:

"ಏಳೋ ಧರೆಪ್ಪಾ, ರಾಯಬಾಗದಾಗ ಬಾಜಾ ಬಾರಿಸ್ಯಾರೋ
ತಂಗೀ ಮಗಳು ಹಸರ ಬಳಿ ತೊಟ್ಟು ನಿಂತಾಳೋ
ಹಿಂದ ತಿರುಗಂಗಿಲ್ಲ ಅಕಿ, ಹಿಂದ ಯಾರೂ ಇಲ್ಲೋ
ಯಾವ ಊರ ಹಾದಿ ಹಿಡಿದೀಯೋ ಮಾಮಾ..."

ದೇಸಾಯರಿಗೆ ಅಲ್ಲ, ನನಗೆ ಅಳುತ್ತಿದ್ದಳು. ನಾನು ಹಲ್ಲು ಕಚ್ಚಿದೆ. ಇಪ್ಪತ್ತು ಹೆಜ್ಜೆ ತಡೆದೆ. ಆಮೇಲೆ ಹೆಣದ ಭುಜ ಅಲುಗಿದವು, ಕಟ್ಟಿದ ಬಟ್ಟೆಯೊಳಗೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ವಿಭೂತಿ ಕರಗಿ ಹಾರದ ಮೇಲೆ ಇಳಿಯಿತು.

"ಕಟ್! ಹೆಣ ಅಳ್ತಾ ಇದೆ ಕಣ್ರೀ!" ನಿರ್ದೇಶಕರು ಕ್ರೇನಿನ ಮೇಲಿಂದ ಕೂಗಿದರು. "ಇನ್ನೊಂದು ಸಲ. ಎಲ್ಲರೂ ವಾಪಸ್ ಬಾಗಿಲಿಗೆ!"

ವಿಮಾನ ಕದಲಲಿಲ್ಲ.

"ವಾಪಸ್ ಅಂದ್ರ?" ಎಂದ ಬಾಳಾಸಾಬ.

"ಹಿಂದಕ್ಕೆ. ಮೊದಲಿಂದ ಎತ್ತಿ."

"ಎತ್ತಿದ ಹೆಣ ಹೊಳ್ಳಿ ಮನಿ ಬಾಗಲಕ್ಕ ಒಯ್ಯಾಂಗಿಲ್ರಿ ಸಾಹೇಬ್ರ."

"ಅಯ್ಯೋ, ಅದು ಹೆಣ ಅಲ್ಲರೀ, ಡೂಪ್!"

"ವಿಮಾನ ಖರೇದೈತಿ. ದುಂಡವ್ವ ಅತ್ತದ್ದ ಖರೇದೈತಿ. ನಿನ್ನೆನ ಹೇಳೇನ್ರಿ, ಒಂದ ಸಲ ಅಂತ."

"ಹಾಗಾದರೆ ಅಲ್ಲೇ ಇಳಿಸಿ!"

"ನಡುಹಾದ್ಯಾಗ ಇಳಿಸಿದ್ರ ಊರಿಗಿ ಕೇಡ್ರಿ."

ಮುನ್ನೂರು ಜನರೂ ಹೌದು ಹೌದು ಎಂದರು. ಹಿಂದಕ್ಕೆ ಹೋಗುವ ಹಾಗಿಲ್ಲ, ಕೆಳಗೆ ಇಳಿಯುವ ಹಾಗಿಲ್ಲ. ನಾನು ಕಟ್ಟಿಸಿಕೊಂಡು ನಾಲ್ವರ ಹೆಗಲ ಮೇಲೆ ಕುಳಿತಿದ್ದೆ. ಒಂದು ಕಣ್ಣು ತೆರೆದೆ. ಓಣಿ ನೆಟ್ಟಗೆ, ಊರು ಮುಗಿಯುವ ಚಿಕ್ಕೋಡಿ ರಸ್ತೆಯ ತನಕ ಕಾಣುತ್ತಿತ್ತು. ಅಲ್ಲಿ ಒಂದು ಟಂಟಂ ಆಟೋ ನಿಂತು ಜನ ತುಂಬಿಸಿಕೊಳ್ಳುತ್ತಿತ್ತು.

ಒಂದು ತಿಂಗಳು ಹಿಡಿದಿಟ್ಟ ಗಂಟಲನ್ನು ಬಿಟ್ಟೆ. ಖ್ಖೆಂ!

ಹಲಗೆಯವನು ಹಲಗೆ ಕೈಬಿಟ್ಟ.

"ಬಾಳಾಸಾಬಣ್ಣಾ, ಹಿಂದ ಬ್ಯಾಡ. ಮುಂದ ಹೋಗಬಹುದಲ್ಲ?"

ಬಾಳಾಸಾಬ ಕತ್ತೆತ್ತಿ ನೋಡಿದ. "ಮುಂದ ಎಷ್ಟ ಬೇಕಾದ್ರ ಹೋಗಬಹುದೋ."

"ಹಂಗಾದ್ರ ಚಿಕ್ಕೋಡಿ ರಸ್ತಾ ತನಾ ನಡೀರಿ. ಲಗೂ."

"ಹೆಣಾ ಹಾದಿ ಹೇಳೂದ ಇದ ಮೊದಲ ನೋಡಿದ್ದು," ಎಂದ ಅವನು. ಆದರೆ ಹೆಜ್ಜೆ ಹಾಕಿದ. ನಾಲ್ವರೂ ಓಡುನಡಿಗೆ ಹಿಡಿದರು. ಹಲಗೆ ಮತ್ತೆ ಶುರುವಾಯಿತು. ದುಂಡವ್ವ ಹಿಂದಿನಿಂದ, "ಹೋಗೋ ಮಗನ, ಹೋಗೋ," ಎಂದು ಅದನ್ನೂ ಹಾಡಿಯೇ ಹೇಳಿದಳು. ನಿರ್ದೇಶಕರು ಮೈಕಿನಲ್ಲಿ ಕೂಗುತ್ತಿದ್ದರು. ಕ್ರೇನಿಗೆ ಅಷ್ಟು ಉದ್ದ ಕೈ ಇರಲಿಲ್ಲ.

ಊರ ಗಡಿ ದಾಟಿ ಟಂಟಂ ಹತ್ತಿರ ವಿಮಾನ ಇಳಿಸಿದರು. ತೃಪ್ತಿ ಓಡಿ ಬಂದು ನನ್ನನ್ನು ಹಿಡಿದಳು. ಇನ್ನು ಮುಗಿಯಿತು ಎಂದುಕೊಂಡೆ. ಅವಳು ಉಸಿರು ತೆಗೆದುಕೊಂಡು ಎದೆಯ ಬಟ್ಟೆಯ ಗಂಟು ಬಿಚ್ಚಿದಳು. ನನ್ನ ಫೋನು ನನ್ನ ಕೈಗಿಟ್ಟಳು.

"ನಾ ಸರ್‌ಗೆ ಏನರ ಹೇಳ್ತೇನ್ರಿ. ಕಾಕಾ, ಮೀಸಿ ಮಾತ್ರ ಮುಟ್ಟಬ್ಯಾಡ್ರಿ. ನಾಡದ ಬರಬೇಕು, ಒಂದ ಶಾಟ್ ಉಳದೈತಿ."

ಟಂಟಂನಲ್ಲಿ ಮೂವರು ಹೆಂಗಸರು ಒಂದೇ ಸೀಟಿಗೆ ಒತ್ತಿಕೊಂಡು ನನಗೆ ಇಡೀ ಬೆಂಚು ಬಿಟ್ಟರು. ಚಿಕ್ಕೋಡಿಯಲ್ಲಿ ಬಸ್ಸು ಹಿಡಿದೆ. ಅಲ್ಲಿಯೂ ಅದೇ ಮರ್ಯಾದೆ.

ರಾಯಬಾಗ ಮುಟ್ಟಿದಾಗ ಮುಹೂರ್ತಕ್ಕೆ ಹತ್ತು ನಿಮಿಷ. ಹೆಣವಾಗಿ ಕುಳಿತ ಮೈ, ಹಾಗೇ ಮಂಟಪಕ್ಕೆ ಹೋಗುವ ಹಾಗಿಲ್ಲ. ಹಾರ ಚರಂಡಿಗೆ ಎಸೆದು, ಕಾರ್ಯಾಲಯದ ಹಿಂದೆ ಪಾತ್ರೆ ತೊಳೆಯುವ ನಳದ ಕೆಳಗೆ ದೇಸಾಯರ ರೇಷ್ಮೆ ಜುಬ್ಬಾ ಸಮೇತ ಕುಳಿತು ತಲೆಗೆ ನೀರು ಸುರಿದುಕೊಂಡೆ. ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದೆ.

"ಹೀರೋ! ಲೇ, ಹೀರೋ ಬಂದಾನ ನೋಡ್ರಲೇ!"

ಬೆನ್ನ ಹಿಂದೆ ಕಾಲಸಪ್ಪಳ. ಬಾಗಿಲಿಗೆ ಹಚ್ಚಿದ ಫೋಟೋದಲ್ಲೂ ಇದೇ ಜುಬ್ಬಾ. ಮೊಬೈಲು ಹಿಡಿದ ಜನ ನನ್ನನ್ನು ಸುತ್ತಿಕೊಂಡು ಜುಬ್ಬಾ ಜಗ್ಗಿದರು. ಒಳಗೆ ಮಂಗಲಾಷ್ಟಕ ಶುರುವಾಗಿದ್ದು ಕೇಳುತ್ತಿತ್ತು. ನಾನು ತಿರುಗಿದೆ. ಎಲ್ಲರ ಮುಖ ಒಮ್ಮೆಲೇ ಬಾಡಿದವು. ನಮ್ಮ ಓಣಿಯ ಹೊಳೆವ್ವ, "ಅಯ್ಯ, ಇಂವ ನಮ್ಮ ಧರೆಪ್ಪ!" ಎಂದಳು. ಜನ ಅಸಹ್ಯಪಟ್ಟು ದಾರಿ ಬಿಟ್ಟರು. ನನ್ನ ಮುಖ ನನಗೆ ಉಪಕಾರ ಮಾಡಿದ್ದು ಅದೊಂದೇ ಸಲ.

ಮಂಟಪ ಹತ್ತುವಾಗ ಕೊನೆಯ ಶ್ಲೋಕ. ರೂಪಾಲಿಯ ಹಿಂದೆ ಲಗಮಪ್ಪ ಕಠಾರಿ ಹಿಡಿದು ನಿಂತಿದ್ದ. ನಿಂತವನು ಕದಲಬಾರದು. ನಾನು ಲಗಮಪ್ಪನ ಹಿಂದೆ ನಿಂತೆ. ಅವನ ಪೇಟದ ಪಕ್ಕದಿಂದ ನೋಡಿದೆ. ರೂಪಾಲಿಯ ಎರಡೂ ಭುಜ ಕಿವಿಗೆ ಏರಿದ್ದವು.

ಖ್ಖೆಂ ಎಂದೆ. ಜೋರಾಗಿ ಅಲ್ಲ.

ಅವಳು ತಿರುಗಲಿಲ್ಲ. ಭುಜ ಇಳಿದವು.

ಒಂದು ತಿಂಗಳು ಬೆನ್ನಿನಿಂದಲೇ ಮಾತಾಡಿದವನು ನಾನು. ಬೆನ್ನಿನ ಮಾತು ನನಗೆ ತಿಳಿಯುತ್ತದೆ.

ಅಕ್ಷತೆ ಬಿತ್ತು. ಫೋಟೋದಲ್ಲಿ ಲಗಮಪ್ಪ ಬಂದಿದ್ದಾನೆ, ಅವನ ಕಿವಿಯ ಹಿಂದೆ ನನ್ನ ಒದ್ದೆ ಭುಜ ಬಂದಿದೆ. ಊಟಕ್ಕೆ ಕುಳಿತಾಗ ಲಗಮಪ್ಪ ಆರು ವರ್ಷದ ಮೇಲೆ ಮಾತಾಡಿದ. "ಲೇ, ಅರ್ಧ ತಾಸ ನಿಲ್ಲೂದ್ರಾಗ ನನ್ನ ಕಾಲ ಸೋತ ಬಂದಾವು. ನೀ ದಿನಾ ಹೆಂಗ ನಿಲ್ತಿದ್ದಿಲೇ?"

ಏನಾದರೂ ದೊಡ್ಡದು ಹೇಳಬಹುದಿತ್ತು. "ಕಷ್ಟ ಐತೋ," ಎಂದೆ. ಅವನ ಎಲೆಗೆ ನನ್ನ ಹೋಳಿಗೆ ಹಾಕಿದೆ.

ಮೇ ೨, ಶುಕ್ರವಾರ. ಭೋಜ, ರಾತ್ರಿ ಅಂಕಲಿ.

ಬೈಗುಳ ತಿನ್ನಲು ಹೊಟ್ಟೆ ಗಟ್ಟಿ ಮಾಡಿಕೊಂಡು ಬಂದೆ. ನಿರ್ದೇಶಕರು ಅರ್ಧ ಬೈದರು. ಇಪ್ಪತ್ತು ಹೆಜ್ಜೆಯಲ್ಲಿ ಬೇಕಾದದ್ದು ಸಿಕ್ಕಿದೆಯಂತೆ, ಉಳಿದರ್ಧ ಅಲ್ಲಿಗೇ ನಿಂತಿತು. ನನಗೆ ಮೂಗಿನಲ್ಲಿ ರಕ್ತ ಬಂದು ಆಸ್ಪತ್ರೆಗೆ ಹೋದೆನೆಂದು ತೃಪ್ತಿಯ ವಹಿಯಲ್ಲಿತ್ತು. ಆ ವಹಿಯಲ್ಲಿ ಸುಳ್ಳು ಅದೊಂದೇ ಇರಬೇಕು.

ಉಳಿದ ಶಾಟ್ ಯಾವುದೆಂದರೆ, ಸಿನಿಮಾದಲ್ಲಿ ಹೆಣವಾದವನು ಕಡೆಗೆ ಒಮ್ಮೆ ಕ್ಯಾಮೆರಾ ನೋಡಿ ನಗಬೇಕಂತೆ. ಸಾವು ಸುಳ್ಳು ಎಂದು ದೇವರಿಗೆ ತೋರಿಸಲು. ಬೂದುಗುಂಬಳ ಒಡೆದರು. ನನ್ನನ್ನು ಟೇಪಿನ ಮೇಲೆ ನಿಲ್ಲಿಸಿದರು. ಅಭ್ಯಾಸಬಲ, ಬೆನ್ನು ಮಾಡಿ ನಿಂತೆ.

"ಈ ಕಡೆ ತಿರುಗ್ರಿ ಕಾಕಾ," ಎಂದಳು ತೃಪ್ತಿ.

ತಿರುಗಿದೆ. ಕ್ಯಾಮೆರಾದ ಕಣ್ಣು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಇಡೀ ತಿಂಗಳು ನನ್ನ ಹಿಂದೆಯೇ ಇತ್ತು, ನೋಡಿದ್ದು ಇವತ್ತೇ. ನಗು ಬರಲಿಲ್ಲ. ಎಲ್ಲರೂ ಕಾದರು. ಯಾರೂ "ಸರ್ ಬರ್ತಿದ್ದಾರೆ" ಎನ್ನಲಿಲ್ಲ.

"ಇದು ಸಿನಿಮಾದಾಗ ಬರ್ತೈತೇನವಾ?"

"ಇಲ್ರಿ ಕಾಕಾ. ಇದು ಸುಮ್ನ. ತಗದ ಇಟ್ಟಬಿಡ್ತಾರ."

"ಕೆಮ್ಮಲೇನು?"

"ಕೆಮ್ಮರಿ."

ಖ್ಖೆಂ ಎಂದೆ. ರೂಪಾಲಿಯ ಭುಜ ನೆನಪಾಯಿತು. ಆಗ ನಗು ತಾನೇ ಬಂತು.

ತೃಪ್ತಿ ಆ ತುಣುಕನ್ನು ಕದ್ದು ನನ್ನ ಫೋನಿಗೆ ಹಾಕಿದಳು. ಅಲ್ಲಿಗೆ ನನ್ನ ಕೆಲಸ ಮುಗಿಯಿತು, ಮನೆಗೆ ಬಂದು ಸಕ್ಕುಬಾಯಿಗೆ ತೋರಿಸಿದೆ. ಊರಿಗೆಲ್ಲ ಇದೇ ನನ್ನ ಪಾತ್ರ ಎಂದು ಹೇಳಲೇ ಎಂದು ಕೇಳಿದೆ. ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದಳು.

"ಹಲ್ಲ ಹುಳಕ ಆಗೈತಿ, ತೋರಸ್ಕೋರಿ," ಎಂದಳು. ಮೂರನೆಯ ಸಲ ನೋಡಲು ಒಳಗೆ ಒಯ್ದಳು.